ಟಿಕೆಟ್ ಜಗಳದಲ್ಲಿ ಬೈಸಿಕೊಳ್ಳಬೇಕಾದವರು ಯಾರು?

ಟಿಕೆಟ್ ತಪ್ಪಿದವರು ಬಂಡಾಯ ಎದ್ದರೆ ನಾವೆಲ್ಲ ಅವರನ್ನೇ ಬೈಯುತ್ತೇವೆ. ಅಧಿಕಾರದಾಸೆ, ಪಕ್ಷನಿಷ್ಠೆ ಇಲ್ಲ ಅಂತ. ಆಸೆ ಇರುವುದು ನಿಜ. ಆಸೆ ಇಲ್ಲದವರು ರಾಜಕೀಯಕ್ಕೆ ಯಾಕಾದರೂ ಬರುತ್ತಾರೆ? ನನ್ನ ತಕರಾರು ಟಿಕೆಟ್ ಹಂಚುವವರ ಮೇಲೆ.

ನಮ್ಮ ಅಥಣಿಯನ್ನೇ ನೋಡಿ. ಲಕ್ಷ್ಮಣ ಸವದಿ 2004ರಿಂದ ಸತತ ಮೂರು ಸಲ ಬಿಜೆಪಿಯಿಂದ ಗೆದ್ದವರು. 2018ರಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಎದುರು ಎರಡು ಸಾವಿರ ಚಿಲ್ಲರೆ ಮತಗಳಿಂದ ಸೋತರು. ಮರುವರ್ಷ ಅದೇ ಕುಮಠಳ್ಳಿ, ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬೀಳಿಸಿದ ಹದಿನೇಳು ಶಾಸಕರಲ್ಲಿ ಒಬ್ಬರಾಗಿ ಹೊರಬಂದು ಬಿಜೆಪಿ ಸೇರಿದರು. ಸೋತಿದ್ದ ಸವದಿ ಉಪಮುಖ್ಯಮಂತ್ರಿಯಾದರು, ಉಪಚುನಾವಣೆಯ ಟಿಕೆಟ್ ಕುಮಠಳ್ಳಿಗೆ ಹೋಯಿತು. ಒಂದೇ ಪಕ್ಷ, ಒಂದೇ ತಾಲೂಕು, ಇಬ್ಬರು ಯಜಮಾನರು! ಅವತ್ತು ಬಿಜೆಪಿ ಸರ್ಕಾರ ಉಳಿಯಿತು, ಜಗಳ ಮುಂದಕ್ಕೆ ಹೋಯಿತು, ಅಷ್ಟೇ.

2023ರ ಏಪ್ರಿಲ್ 11ರ ರಾತ್ರಿ ವಿಧಾನಸಭೆ ಚುನಾವಣೆಯ ಬಿಜೆಪಿ ಪಟ್ಟಿಯಲ್ಲಿ ಬಂದದ್ದು ಕುಮಠಳ್ಳಿ ಹೆಸರು. ನಾನಿದ್ದ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಾಗುವಷ್ಟರಲ್ಲಿ 'ಲೆಫ್ಟ್', 'ಲೆಫ್ಟ್' ಅಂತ ಸಾಲು ಸಾಲು. ಬೂತ್ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಬೈಕಿನ ಬಾವುಟ ಬಿಚ್ಚಿ ಡಿಕ್ಕಿಯೊಳಗೆ ಮಡಚಿಟ್ಟುಕೊಂಡು, "ಅಣ್ಣಾರ, ಈಗ ನಾವು ಯಾರ ಕಡೆ ಹೇಳ್ರಿ?" ಅಂದ. ಹಿಂದಿನ ವಾರವಷ್ಟೇ ಇಬ್ಬರೂ ನಾಯಕರ ಫೋಟೋ ಸಮ ಅಳತೆಯಲ್ಲಿ ಬರುವಂತೆ ಫ್ಲೆಕ್ಸ್ ಮಾಡಿಸಲು ಒದ್ದಾಡಿದವನು ಅವನು. ಮೂರೇ ದಿನಕ್ಕೆ ಸವದಿ ಕಾಂಗ್ರೆಸ್ ಸೇರಿದರು. 76 ಸಾವಿರ ಮತಗಳ ಅಂತರದಲ್ಲಿ ಗೆದ್ದರು.

ತಮಾಷೆ ಏನೆಂದರೆ, ಆ ಪಟ್ಟಿಗೂ ಮುಂಚೆ, ಮಾರ್ಚ್ ಕೊನೆಯಲ್ಲಿ ಬಿಜೆಪಿ ಜಿಲ್ಲೆ ಜಿಲ್ಲೆಯಲ್ಲೂ ಪದಾಧಿಕಾರಿಗಳಿಂದ ಗುಪ್ತ ಮತದಾನ ಮಾಡಿಸಿತ್ತು. ಯಾರು ಅಭ್ಯರ್ಥಿಯಾಗಬೇಕು ಅಂತ. ಒಳ್ಳೆಯ ಕೆಲಸ. ಆದರೆ ಯಾರಿಗೆ ಎಷ್ಟು ಬಿತ್ತು ಅಂತ ಮತ ಹಾಕಿದವರಿಗೇ ಹೇಳಲಿಲ್ಲ! ಕಾಂಗ್ರೆಸ್ಸಿನದು ಇನ್ನೊಂದು ಥರ. ಸಾಮಾನ್ಯ ವರ್ಗದ ಆಕಾಂಕ್ಷಿಗಳಿಂದ ಅರ್ಜಿಯ ಜೊತೆಗೆ 2 ಲಕ್ಷ ರೂಪಾಯಿ ಡಿಡಿ ತಗೊಂಡಿತು. ಕೊಟ್ಟ ದುಡ್ಡಿಗೆ ಯಾಕೆ ಬೇಡ ಅಂದರು ಅನ್ನುವ ಒಂದು ಸಾಲಿನ ಉತ್ತರವಾದರೂ ಬರಬೇಕಿತ್ತಲ್ವಾ?

ಕಾಂಗ್ರೆಸ್ಸಿನವರು ನಗುವಂತಿಲ್ಲ. 2024ರಲ್ಲಿ ಬಾಗಲಕೋಟೆ ಲೋಕಸಭೆಗೆ ವೀಣಾ ಕಾಶಪ್ಪನವರ ಮತ್ತೆ ಟಿಕೆಟ್ ಕೇಳಿದರು. ಕೊಟ್ಟದ್ದು ವಿಜಯಪುರ ಜಿಲ್ಲೆಯ ಸಚಿವ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಅವರಿಗೆ. ವೀಣಾ 2019ರಲ್ಲಿ 1.68 ಲಕ್ಷದಿಂದ ಸೋತಿದ್ದರು, ಸಂಯುಕ್ತಾ 68 ಸಾವಿರದಿಂದ ಸೋತರು. ಹಾಗಾಗಿ ಹೈಕಮಾಂಡ್ ಲೆಕ್ಕ ಪೂರ್ತಿ ತಪ್ಪು ಅಂತ ನಾನೂ ಹೇಳುವುದಿಲ್ಲ. ಆದರೆ ಆ ಲೆಕ್ಕವನ್ನು ಮೊದಲೇ ಕಾರ್ಯಕರ್ತರ ಮುಂದಿಟ್ಟಿದ್ದರೆ ಅರ್ಧ ಅಸಮಾಧಾನ ಅಲ್ಲೇ ಇಳಿಯುತ್ತಿತ್ತು. ಸೋತ ಅಂಕಿ ಕಣ್ಣೆದುರಿಗಿದ್ದರೆ ಬಂಡಾಯಗಾರನ ಹಿಂದೆ ಜನ ಬರುವುದಿಲ್ಲ.

ನಾನು ಕೇಳುವುದು ಇಷ್ಟೇ: ಅಭ್ಯರ್ಥಿ ಯಾರು ಅಂತ ಪಕ್ಷದ ಕಾರ್ಯಕರ್ತರೇ ಒಳಗೆ ಮತ ಹಾಕಿ ಆರಿಸಲಿ, ಎಣಿಕೆ ಎಲ್ಲರಿಗೂ ಕಾಣಲಿ. ಆ ಒಳಗಿನ ಮತವನ್ನೂ ಕೊಂಡುಕೊಳ್ಳುತ್ತಾರೆ ಅಂತೀರಾ? ಕೊಳ್ಳಬಹುದು. ಆದರೆ ಬೆಂಗಳೂರಿನಲ್ಲಿ ನಾಲ್ಕು ಜನರನ್ನು ಒಲಿಸಿಕೊಳ್ಳುವುದಕ್ಕಿಂತ ತಾಲೂಕಿನ ಐನೂರು ಜನರನ್ನು ಕೊಳ್ಳುವುದು ಕಷ್ಟ. ಗುಟ್ಟೂ ಉಳಿಯುವುದಿಲ್ಲ.

ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಅಂಥ ಸಣ್ಣ ಚುನಾವಣೆಯಲ್ಲೇ ಇದನ್ನು ಶುರು ಮಾಡಲಿ. ಆಕಾಂಕ್ಷಿಗಳ ಎದುರೇ ಎಣಿಸಿ, ಯಾರಿಗೆ ಎಷ್ಟು ಅಂತ ಪಕ್ಷದ ಕಚೇರಿ ಗೋಡೆಗೆ ಅಂಟಿಸಲಿ. ಯಾವ ಪಕ್ಷ ಮೊದಲು ಮಾಡುತ್ತದೋ, ಅದಕ್ಕೆ ಗೋಂದು ನಾನೇ ಕೊಡಿಸುತ್ತೇನೆ.