ಹಳ್ಳಿಯ ಮಕ್ಕಳಿಗಿರುವ ಸಭೆ ನಗರದ ಮಕ್ಕಳಿಗೇಕಿಲ್ಲ?

ಆಗ್ನೇಯ ಲಂಡನ್ನಿನ ಲೂಯಿಷಮ್‌ನಲ್ಲಿರುವ ನಮ್ಮ ಮನೆಯಿಂದ ಸೌತ್ ಸರ್ಕ್ಯುಲರ್ ರಸ್ತೆ ಹತ್ತು ನಿಮಿಷದ ದಾರಿ. ಹಗಲಿರುಳು ಲಾರಿಗಳು ಓಡಾಡುವ ಆ ರಸ್ತೆಯ ಮಗ್ಗುಲಲ್ಲೇ ಬೆಳೆದ ಎಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರ ಫೆಬ್ರುವರಿಯಲ್ಲಿ ಉಬ್ಬಸ ಉಲ್ಬಣಿಸಿ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣವೆಂದು ಸಾವಿನ ಕಾರಣ ತನಿಖೆ ಮಾಡುವ ವಿಚಾರಣಾಧಿಕಾರಿ ದಾಖಲಿಸಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟು ಹೇಳಿಸುವುದಕ್ಕೆ ಅವಳ ತಾಯಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಹೆಚ್ಚು ಹೊಗೆಯುಗುಳುವ ವಾಹನಗಳಿಂದ ದಿನಕ್ಕೆ 12.50 ಪೌಂಡ್ ವಸೂಲು ಮಾಡುವ ನಿಯಮ 2023ರ ಆಗಸ್ಟ್‌ನಲ್ಲಿ ಇಡೀ ಲಂಡನ್ನಿಗೆ ವಿಸ್ತರಿಸಿತು.

ಇದೇ ಲೂಯಿಷಮ್‌ನಲ್ಲಿ 2004ರಲ್ಲಿ ಕಿರಿಯ ಮೇಯರ್ ಚುನಾವಣೆ ಶುರುವಾಯಿತು. ಹದಿಹರೆಯದವರೇ ಅಭ್ಯರ್ಥಿಗಳು, ಹದಿಹರೆಯದವರೇ ಮತದಾರರು. ಗೆದ್ದವರು ತಮ್ಮ ಸಲಹೆಗಾರರೊಡನೆ ಕೂತು ಖರ್ಚು ಮಾಡಲು ಒಂದಿಷ್ಟು ಹಣವನ್ನೂ ಪಾಲಿಕೆ ಕೊಡುತ್ತದೆ. ನನ್ನ ಮಗಳು ಮೊದಲ ಸಲ ಮತ ಹಾಕಿದ ಸಂಜೆ ಅಭ್ಯರ್ಥಿಗಳ ಪ್ರಣಾಳಿಕೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಮಾನಸಿಕ ಆರೋಗ್ಯಕ್ಕೆ ಹಣ ಎಲ್ಲಿಂದ ತರುತ್ತೇನೆಂದು ಬರೆಯದವರಿಗೆ ತಾನು ಮತ ಕೊಡಲಿಲ್ಲವೆಂದು ಹೇಳಿದಳು. ಹಣದ ಲೆಕ್ಕ ಕೈಗೆ ಬಂದ ಮೇಲೆ ಮಕ್ಕಳು ಕೇಳುವ ಪ್ರಶ್ನೆಯೇ ಬದಲಾಗುತ್ತದೆಂಬುದು ನನಗೆ ಅಂದು ಮನವರಿಕೆಯಾಯಿತು.

ಇದನ್ನು ಕೇಳಿ ಊರಿನ ಗೆಳೆಯರು ಬೆರಗಾಗುತ್ತಾರೆ. ಆದರೆ ಕುಂದಾಪುರ ಕಡೆಯವನಾದ ನನಗೆ ಇದು ಪೂರ್ತಿ ಹೊಸದಾಗಿರಲಿಲ್ಲ. ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆದಿತ್ತು. 2006ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ರಜೆಗೆ ಹೋಗಿದ್ದಾಗ ನಾನು ನೋಡಿದ ಒಂದು ಸಭೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ, ಆದ್ದರಿಂದ ಹುಡುಗಿಯರು ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ ಎಂದು ಚೀಟಿ ನೋಡಿ ಓದಿದಳು. ಆಮೇಲೆ ಚೀಟಿ ಮಡಚಿ, ಕಳೆದ ವರ್ಷವೂ ಇದನ್ನೇ ಹೇಳಿದ್ದೆವು, ಏನಾಯಿತು ಎಂದು ಕೇಳಿದಳು. ಅಧ್ಯಕ್ಷರು ಉತ್ತರಿಸಲೇಬೇಕಾಯಿತು, ಏಕೆಂದರೆ ಹಿಂದಿನ ನಡಾವಳಿಯಲ್ಲಿ ಅದು ದಾಖಲಾಗಿತ್ತು. ಆ ಮರುಪ್ರಶ್ನೆಯ ಹಕ್ಕೇ ಈ ವ್ಯವಸ್ಥೆಯ ಜೀವಾಳ ಎಂದು ನಾನು ನಂಬುತ್ತೇನೆ.

ಹೋಲಿಸಿ ನೋಡಿದರೆ ಕೆಲವು ವಿಷಯಗಳಲ್ಲಿ ನಮ್ಮ ಹಳ್ಳಿಯೇ ಮುಂದಿದೆ. ಲೂಯಿಷಮ್‌ನ ಮತಪೆಟ್ಟಿಗೆ ಮಾಧ್ಯಮಿಕ ಶಾಲೆಯ ವಯಸ್ಸಿನಿಂದ ಮೇಲಿನವರಿಗೆ ಮಾತ್ರ. ಒಂಬತ್ತು ವರ್ಷದ ಎಲಾಳಿಗೆ ಅದರಲ್ಲಿ ಜಾಗವಿರುತ್ತಿರಲಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಆ ವಯಸ್ಸಿನವರೂ ಮಾತಾಡಬಹುದು. ಆದರೆ ಗ್ರಾಮಸಭೆಯ ಮಕ್ಕಳ ಕೈಯಲ್ಲಿ ಹಣವಿಲ್ಲ.

ನಮ್ಮ ನಗರಗಳ ಮಕ್ಕಳಿಗೆ ಸಭೆಯೂ ಇಲ್ಲ, ಹಣವೂ ಇಲ್ಲವೆಂಬುದು ನನ್ನ ಸಂಕಟ. ವಾರ್ಡ್ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನವಿದೆ, ಮಕ್ಕಳಿಗಿಲ್ಲ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ದೊಡ್ಡವರಿಗೂ ಕಾರ್ಪೊರೇಟರ್ ಇರಲಿಲ್ಲ. ಪರಿಸರ ದಿನದಂದು ಮಕ್ಕಳಿಂದ ಚಿತ್ರ ಬರೆಸಿ, ಘೋಷಣೆ ಕೂಗಿಸಿ, ಬಹುಮಾನ ಕೊಟ್ಟು ಕಳುಹಿಸುವುದನ್ನು ಭಾಗವಹಿಸುವಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಅಕ್ಕನ ಹನ್ನೆರಡು ವರ್ಷದ ಮಗ ಬೆಂಗಳೂರಿನ ಒಂದು ಮೇಲ್ಸೇತುವೆಯ ಕೆಳಗೆ ಶಾಲೆಯ ಬಸ್ಸಿಗೆ ಕಾಯುತ್ತಾನೆ. ಅವನ ಜೊತೆ ನಿಂತಿದ್ದ ಒಂದು ಬೆಳಿಗ್ಗೆ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಅವನು, ಬಸ್ಸನ್ನು ಆಚೆಯ ಪಾರ್ಕಿನ ಗೇಟಿನ ಹತ್ತಿರ ನಿಲ್ಲಿಸಿದರೆ ಇಷ್ಟು ಹೊಗೆ ಕುಡಿಯಬೇಕಾಗಿಲ್ಲ ಎಂದ. ಆಮೇಲೆ, "ಮಾಮ, ಇದನ್ನ ಯಾರಿಗೆ ಹೇಳ್ಬೇಕು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಬಜೆಟ್ಟಿಗೆ ಮೊದಲು ಪ್ರತಿ ವಾರ್ಡಿನಲ್ಲೂ ಮಕ್ಕಳ ಸಭೆ ಸೇರಲಿ, ಅದರ ತೀರ್ಮಾನಕ್ಕೆ ಬಿಟ್ಟುಕೊಟ್ಟ ಒಂದು ಸಣ್ಣ ಮೊತ್ತವಿರಲಿ, ಎಂಜಿನಿಯರರ ಲಿಖಿತ ಉತ್ತರ ಶಾಲೆಯ ಸೂಚನಾ ಫಲಕದಲ್ಲಿ ಬೀಳಲಿ. ಆಗ ಅವನ ಪ್ರಶ್ನೆಗೆ ಒಂದು ವಿಳಾಸ ಸಿಗುತ್ತದೆ.