ಫಾರಿನ್ ಟ್ರಿಪ್ಪಿನಲ್ಲಿ ಮ್ಯೂಸಿಯಂಗೆ ಒಂದು ದಿನ ಕೊಡಬೇಕಾ?

ಬೆಂಗಳೂರಿನಲ್ಲಿ ಈಗ ಫಾರಿನ್ ಟ್ರಿಪ್ ಅಂದರೆ ದೊಡ್ಡ ಸುದ್ದಿಯೇನಲ್ಲ. ವಿಯೆಟ್ನಾಂ, ಬಾಲಿ, ಶ್ರೀಲಂಕಾ ನೋಡಿ ಬಂದವರು ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲೇ ಸಿಗುತ್ತಾರೆ. ಮಗನೋ ಮಗಳೋ ಆನ್‌ಸೈಟ್ ಇದ್ದರೆ ಅಪ್ಪ-ಅಮ್ಮನಿಗೆ ಲಂಡನ್, ಪ್ಯಾರಿಸ್ ಕೂಡ ಆಗಿರುತ್ತದೆ. ಜಗಳ ಶುರುವಾಗುವುದು ಪ್ಲಾನ್ ಹಾಕುವಾಗ. ಸಿಕ್ಕಿರುವ ರಜೆಯೇ ಒಂದು ವಾರ. ಅದರಲ್ಲಿ ಹಳೇ ಕಲ್ಲು, ಹಳೇ ಕತ್ತಿ ನೋಡಲು ದಿನ ಎತ್ತಿಡಬೇಕಾ, ಬೇಡವಾ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ನಮ್ಮ ಕಥೆಯ ಇನ್ನರ್ಧ ಅಲ್ಲಿದೆ

"ಕಲ್ಲು ನೋಡೋಕೆ ಅಷ್ಟು ದೂರ ಯಾಕೆ, ಹಂಪಿ ಇಲ್ವಾ?" ಪ್ರತಿ ಗುಂಪಿನಲ್ಲೂ ಒಬ್ಬರು ಇದನ್ನು ಕೇಳುತ್ತಾರೆ. ಅವರು ಹಂಪಿಗೆ ಹೋಗಿ ಎಷ್ಟು ವರ್ಷವಾಯಿತು ಅಂತ ನಾನು ತಿರುಗಿ ಕೇಳುವುದಿಲ್ಲ. ಸುಮ್ನೆ ಮನಸ್ತಾಪ ಯಾಕೆ? ಆದರೆ ಒಂದು ಮಾತು ಹೇಳುತ್ತೇನೆ. ಹಂಪಿ, ಬೇಲೂರು ನೋಡಿದವರಿಗೇ ಹೊರಗಿನ ಕಲ್ಲು ಜಾಸ್ತಿ ದಕ್ಕುತ್ತದೆ.

ಕಾಂಬೋಡಿಯಾದ ಅಂಕೋರ್ ವಾಟ್ ತಗೊಳ್ಳಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 1113ರಲ್ಲಿ, ಎರಡನೇ ಸೂರ್ಯವರ್ಮ ಅಲ್ಲಿ ಪಟ್ಟಕ್ಕೆ ಬಂದ. ಅಂಕೋರ್ ವಾಟ್ ಕಟ್ಟಿಸಿದ್ದು ಅವನೇ, ಅದೂ ವಿಷ್ಣುವಿಗೆ. ಇಬ್ಬರೂ ಒಂದೇ ಕಾಲದವರು, ಒಂದೇ ದೇವರಿಗೆ ಗುಡಿ ಕಟ್ಟಿದವರು. ನಡುವೆ ಒಂದು ಸಮುದ್ರ, ಅಷ್ಟೇ. ಶಾಲೆಯಲ್ಲಿ ಹೊಯ್ಸಳರ ಪಾಠ ಓದಿದೆವು, ಇದನ್ನು ಯಾರೂ ಪಕ್ಕದಲ್ಲಿಟ್ಟು ತೋರಿಸಲಿಲ್ಲ.

ಅಲ್ಲಿ ಪಡುವಣ ಮೊಗಸಾಲೆಯ ದಕ್ಷಿಣದ ಗೋಡೆ ಪೂರ್ತಿ ಕುರುಕ್ಷೇತ್ರ. ಎಡಗಡೆಯಿಂದ ಕೌರವರು ಬರುತ್ತಾರೆ, ಬಲಗಡೆಯಿಂದ ಪಾಂಡವರು. ಕೆಳಗಿನ ಸಾಲಿನಲ್ಲಿ ಕಾಲಾಳುಗಳು, ಮೇಲೆ ಆನೆ, ರಥ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಗುರುತಿಸಲು ನಮಗೆ ಗೈಡ್ ಬೇಕಾಗಿಲ್ಲ. ಪಕ್ಕದಲ್ಲಿ ನಿಂತ ಬಿಳಿಯ ಪ್ರವಾಸಿಗರು ಆಗಿನ್ನೂ ಪುಸ್ತಕ ತಿರುವುತ್ತಿರುತ್ತಾರೆ. ಮೂಡಣ ಗೋಡೆಯಲ್ಲಿ ಸಮುದ್ರ ಮಥನ ಇದೆ, ಸುಮಾರು 49 ಮೀಟರ್ ಉದ್ದ. ಒಂದು ಕಡೆ ಅಸುರರು ವಾಸುಕಿಯನ್ನು ಎಳೆಯುತ್ತಿದ್ದಾರೆ, ಇನ್ನೊಂದು ಕಡೆ ದೇವತೆಗಳು. ದೇವತೆಗಳ ಸಾಲಿನ ಕೊನೆಗೆ ಹೋಗಿ ನೋಡಿ. ಬಾಲ ಹಿಡಿದು ಎಳೆಯುತ್ತಿರುವುದು ಒಂದು ದೊಡ್ಡ ಕೋತಿ. ಹನುಮಂತ ಅನ್ನುತ್ತಾರೆ. ಸಮುದ್ರ ಮಥನದಲ್ಲಿ ಹನುಮಂತನಿಗೇನು ಕೆಲಸ? ನಮಗೆ ಗೊತ್ತಿರುವ ಕಥೆಯಲ್ಲಿ ಅವನು ಅಲ್ಲಿಲ್ಲ. ಆ ಪ್ರಶ್ನೆ ಏಳುವುದು ಕಥೆ ಗೊತ್ತಿದ್ದವರಿಗೆ ಮಾತ್ರ. ಕಥೆ ಕಡಲು ದಾಟಿದ ಮೇಲೆ ಅವರದೂ ಆಯಿತು ಅನ್ನುವುದು ಆ ಗೋಡೆ ಎದುರು ನಿಂತಾಗ ತಲೆಗೆ ಹೋಗುತ್ತದೆ. ಒಂದು ದಿನದ ಟಿಕೆಟ್ 37 ಡಾಲರ್. ಜಾಸ್ತಿಯೇ, ಒಪ್ಪುತ್ತೇನೆ. ಆದರೂ ಕೊಡಬಹುದು.

ಇನ್ನು ಲಂಡನ್. ಟಿಪ್ಪು ಬಗ್ಗೆ ನಮ್ಮಲ್ಲಿರುವ ಜಗಳವನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಲೂಟಿ, ಅದರ ಹಿಂದೆಯೇ ಲೆಕ್ಕ ಹಾಕಿ ಮಾಡಿದ ಹಂಚಿಕೆ. ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದರ ಮೇಲಿದ್ದ ಹುಮಾ ಅನ್ನುವ ಕಲ್ಪನೆಯ ಹಕ್ಕಿಯ ಪ್ರತಿಮೆ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಚಿನ್ನದ ಪುಟ್ಟ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ಪೋವಿಸ್ ಕೋಟೆ ಸೇರಿತು. ಟಿಪ್ಪುವಿನ ಡೇರೆ ಕೂಡ ಅಲ್ಲೇ ಇದೆ. ಪ್ರಸಿದ್ಧವಾದ ಮರದ ಹುಲಿ ಮಾತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅದನ್ನು ಹತ್ತಿರದಿಂದ ನೋಡಬೇಕು. ಕೆಂಪು ಕೋಟು ತೊಟ್ಟ ಯುರೋಪಿಯನ್ ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಕೊರಳಿಗೆ ಬಾಯಿ ಹಾಕಿದೆ. ಹುಲಿಯ ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯ. ಪಕ್ಕದ ಹಿಡಿ ತಿರುಗಿಸಿದರೆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಮೊದಲು ಇದನ್ನು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸುವವರೇ. ಅಲ್ಲಿನ ಲೈಬ್ರರಿಯಲ್ಲಿ ಓದುತ್ತಿದ್ದವರಿಗೆ ಆ ಗಲಾಟೆಯಿಂದ ತಲೆ ಚಿಟ್ಟು ಹಿಡಿದಿತ್ತಂತೆ. ಟಿಪ್ಪುಗೆ ಗೊತ್ತಾಗಿದ್ದರೆ ಖುಷಿಪಡುತ್ತಿದ್ದನೇನೋ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಅದರಲ್ಲಿ ಗೆದ್ದವರು ಮೈಸೂರಿನವರು. ಮೈಸೂರು ರಸ್ತೆ ಹಿಡಿದರೆ ನಮ್ಮವರು ಗೆದ್ದದ್ದನ್ನು ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು. ಸೋತದ್ದನ್ನು ನೋಡಲು ಲಂಡನ್ನಿಗೇ ಹೋಗಬೇಕು. ಹೋದ ಮೇಲೆ ಅದನ್ನು ಬಿಟ್ಟು ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಬ್ಯಾಗ್ ಹುಡುಕುವುದು ನನಗೆ ಅರ್ಥವಾಗುವುದಿಲ್ಲ. ಬ್ಯಾಗು ಒರಾಯನ್ ಮಾಲ್‌ನಲ್ಲೂ ಸಿಗುತ್ತದೆ.

ನಮ್ಮದಲ್ಲದ ಚರಿತ್ರೆಗೂ ಇದೇ ಮಾತು. ಹಿರೋಶಿಮಾ ಮ್ಯೂಸಿಯಂನಲ್ಲಿ ಅಣುಬಾಂಬು ಬಿದ್ದ ಹೊತ್ತಿಗೆ, 8:15ಕ್ಕೆ, ನಿಂತುಹೋದ ವಾಚು ಇದೆ. ಒಂದು ಸುಟ್ಟ ಟ್ರೈಸಿಕಲ್ ಇದೆ. ಅದು ಮೂರು ವರ್ಷದ ಮಗುವಿನದು. ಮಗುವಿನ ಜೊತೆ ಅದನ್ನೂ ಅಪ್ಪ ಹಿತ್ತಲಿನಲ್ಲಿ ಹೂತಿದ್ದ, ನಲವತ್ತು ವರ್ಷದ ಮೇಲೆ ತೆಗೆದು ಮ್ಯೂಸಿಯಂಗೆ ಕೊಟ್ಟ. ಪಾಠದ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಬಾಂಬು ಅಲ್ಲಿ ಒಂದು ಮನೆಯ ವಿಷಯವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕಾ ಅಂದರೆ, ಹತ್ತು-ಹನ್ನೆರಡು ದಾಟಿದವರಾದರೆ ಹೌದು ಅನ್ನುತ್ತೇನೆ.

ದುಡ್ಡಿನ ಮಾತು ಬಂದರೆ, ಟಿಪ್ಪುವಿನ ಹುಲಿ ನೋಡಲು ಟಿಕೆಟ್ಟೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ ಫ್ರೀ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂಗಳೂ ಫ್ರೀ. ಬ್ಯಾಂಕಾಕ್‌ಗೆ ಹೋದವರು ರೈಲು ಹತ್ತಿದರೆ 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿದ ಹಳೇ ರಾಜಧಾನಿ ಅಯುತ್ಥಯಾ ನೋಡಿಕೊಂಡು ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಹೋಗುವ ಮುಂಚೆ ಒಂದು ಗಂಟೆ ಕೂತು ಓದಿಕೊಳ್ಳಿ, ಅಷ್ಟು ಮಾಡಿದರೆ ಬೋರ್ ಅನ್ನುವ ಮಾತೇ ಬರುವುದಿಲ್ಲ.

ವಿರೋಧ: ಬದುಕಿರುವ ಊರು ಬಿಟ್ಟು ಗಾಜಿನ ಪೆಟ್ಟಿಗೆ ಯಾಕೆ?

ಮ್ಯೂಸಿಯಂ ಪರ ಮಾತಾಡುವವರು ಯಾವಾಗಲೂ ತಾವು ಓದಿಕೊಂಡು ಹೋದ ಒಂದು ವಸ್ತುವಿನ ಬಗ್ಗೆ ಚೆನ್ನಾಗಿ ಹೇಳುತ್ತಾರೆ. ಅದೇ ಕಟ್ಟಡದಲ್ಲಿ ನೋಡಿದ ಉಳಿದ ವಸ್ತುಗಳ ಬಗ್ಗೆ ಕೇಳಿ ನೋಡಿ. "ಏನೋ ಮಡಕೆಗಳು ಇದ್ವು" ಅನ್ನುತ್ತಾರೆ.

ಪ್ಯಾರಿಸ್‌ನ ಲೂವ್ರ್‌ಗೆ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಬಹುಪಾಲು ಜನ ನೇರ ಮೋನಾಲಿಸಾ ಇರುವ ಕೋಣೆಗೆ. ಆ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಮುಂದೆ ದಪ್ಪ ಗಾಜು, ಅದರ ಮುಂದೆ ಕಟಕಟೆ, ಅದರ ಮುಂದೆ ಎತ್ತಿ ಹಿಡಿದ ನೂರಾರು ಫೋನು. ಹಿಂದಿನವರು ನೂಕುತ್ತಾರೆ, ಮುಂದಿನವರು ಸೆಲ್ಫಿಗೆ ಬೆನ್ನು ತಿರುಗಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ದಿನ ಬಸ್ ಹತ್ತುವುದಕ್ಕೂ ಇದಕ್ಕೂ ವ್ಯತ್ಯಾಸ ಕಮ್ಮಿ. ಯುರೋಪಿನ ಹೊರಗಿನವರಿಗೆ 2026ರ ಜನವರಿಯಿಂದ ಟಿಕೆಟ್ 32 ಯೂರೋ. ಗಂಡ-ಹೆಂಡತಿಗೆ ಆರು ಸಾವಿರ ರೂಪಾಯಿ ದಾಟುತ್ತದೆ. (ಹೊರಗಿನವರಿಗೆ ಬೇರೆ ರೇಟು ಅಂತ ಬೈಯುವ ಹಾಗಿಲ್ಲ. ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600.)

ಈ ಸುಸ್ತು ನಮ್ಮ ಸೋಮಾರಿತನ ಅಲ್ಲ. ಬಾಸ್ಟನ್ನಿನ ಮ್ಯೂಸಿಯಂ ಒಂದರಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಇದರ ಬಗ್ಗೆ ಬರೆದ. ಒಬ್ಬ ಮನುಷ್ಯನನ್ನು ಪೆಟ್ಟಿಗೆಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ. ಲೇಬಲ್ ಓದಲು ಅವನು ಬಗ್ಗುತ್ತಾನೆ, ಕುಕ್ಕರಗಾಲಲ್ಲಿ ಕೂರುತ್ತಾನೆ, ಕತ್ತು ಸೊಟ್ಟ ಮಾಡುತ್ತಾನೆ. ವಸ್ತು ಜೋಡಿಸಿದವರು ನೋಡುವವರ ಬೆನ್ನಿನ ಬಗ್ಗೆ ಯೋಚಿಸಿಲ್ಲ ಅನ್ನುವುದು ಅವನ ತಕರಾರು. ನೂರು ವರ್ಷದ ಮೇಲೂ ಪರಿಸ್ಥಿತಿ ಬಹಳ ಬದಲಾಗಿಲ್ಲ. ಮಂಡಿ ನೋವಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಮಕ್ಕಳು ಇದನ್ನು ಯಾಕೆ ಯೋಚಿಸುವುದಿಲ್ಲವೋ. ಮ್ಯೂಸಿಯಂನಲ್ಲಿ ಅವರ ಕಣ್ಣು ಹುಡುಕುವುದು ಬೆಂಚನ್ನು.

ಇನ್ನೊಂದು ವಿಷಯ. ವಸ್ತುವನ್ನು ಅದರ ಜಾಗದಿಂದ ಕಿತ್ತ ಮೇಲೆ ಏನು ಉಳಿಯಿತು? ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕೆತ್ತನೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ವಾಲ್ಟರ್ ಎಲಿಯಟ್ ಅನ್ನುವ ಅಧಿಕಾರಿ 1845ರಲ್ಲಿ ಅಗೆಸಿ ಮದ್ರಾಸಿಗೆ ಸಾಗಿಸಿದ, ಅಲ್ಲಿಂದ ಎಷ್ಟೋ ಕಲ್ಲುಗಳು ಲಂಡನ್ನಿಗೆ ಹೋದವು. ಸ್ತೂಪ ಅಂದರೆ ಬಿಸಿಲಿನಲ್ಲಿ ಸುತ್ತು ಹಾಕುತ್ತಾ ನೋಡಲು ಮಾಡಿದ್ದು. ಈಗ ಆ ಕಲ್ಲುಗಳು ಕೃಷ್ಣಾ ನದಿಯಿಂದ ಸಾವಿರಾರು ಕಿಲೋಮೀಟರ್ ದೂರ, ಗಾಜಿನ ಹಿಂದೆ, ಹದವಾದ ತಂಪಿನಲ್ಲಿ ನಿಂತಿವೆ. ಕೆತ್ತನೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಾವು ನೋಡುತ್ತಿರುವುದು ಸ್ತೂಪವನ್ನಲ್ಲ, ಬ್ರಿಟಿಷರ ಸಂಗ್ರಹವನ್ನು. ಟಿಪ್ಪುವಿನ ಹುಲಿಯದೂ ಅದೇ ಪಾಡು. ಸೋತದ್ದನ್ನು ಅಲ್ಲಿ ನೋಡಬೇಕು ಅನ್ನುತ್ತಾರೆ. ಗೆದ್ದವರು ಜೋಡಿಸಿಟ್ಟ ಹಾಗೆ ನೋಡಬೇಕು, ಅಷ್ಟೇ ಅಲ್ವಾ?

ಹಿರೋಶಿಮಾ ಬಗ್ಗೆ ನನಗೆ ಬೇರೆಯೇ ಬೇಜಾರಿದೆ. ಪ್ಯಾಕೇಜ್ ಟೂರುಗಳಲ್ಲಿ ಬೆಳಿಗ್ಗೆ ಬಾಂಬಿನ ಮ್ಯೂಸಿಯಂ, ಮಧ್ಯಾಹ್ನ ದೋಣಿಯಲ್ಲಿ ಮಿಯಾಜಿಮಾ ದ್ವೀಪ, ಅಲ್ಲಿ ಜಿಂಕೆಗಳ ಜೊತೆ ಫೋಟೋ. ಮಗುವಿನ ಸುಟ್ಟ ಟ್ರೈಸಿಕಲ್ ನೋಡಿ ಮೂರು ಗಂಟೆಯೊಳಗೆ ಐಸ್‌ಕ್ರೀಂ ತಿನ್ನುವುದು ಯಾರ ತಪ್ಪೂ ಅಲ್ಲ, ಟೈಮ್‌ಟೇಬಲ್ ಹಾಗಿದೆ. ಆದರೆ ಅದನ್ನು ಚರಿತ್ರೆ ತಿಳಿದುಕೊಂಡೆವು ಅಂತ ಕರೆಯಬೇಡಿ.

ಮತ್ತೆ, ಇಲ್ಲಿ ಕಲ್ಲು ನೋಡುವ ಅಭ್ಯಾಸ ಇಲ್ಲದವರಿಗೆ ವಿಮಾನ ಇಳಿದ ಕೂಡಲೇ ಅದು ಹೇಗೆ ಬರುತ್ತದೆ? ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರದ್ದು. ಅದರ ಸಂಗ್ರಹದಲ್ಲಿ ಆತಕೂರಿನ ವೀರಗಲ್ಲು ಇದೆ, ಮಂಡ್ಯ ಕಡೆಯದು, ಹತ್ತನೇ ಶತಮಾನದ್ದು. ಮಣಲೇರ ಅನ್ನುವ ವೀರನಿಗೆ ಗಂಗರ ಬೂತುಗ ಒಂದು ಬೇಟೆನಾಯಿ ಕೊಟ್ಟಿದ್ದ. ಅದರ ಹೆಸರು ಕಾಳಿ. ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟುಕೊಟ್ಟರು, ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಗುಡಿಯ ಪೂಜಾರಿ) ಊಟ ಮಾಡಬಾರದು ಅಂತಲೂ ಬರೆಸಿದರು. ಅದೇ ಕಲ್ಲಿನಲ್ಲಿ ಚೋಳರ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಒಂದು ದೊಡ್ಡ ಯುದ್ಧ, ಒಂದು ನಾಯಿ, ಒಂದೇ ಕಲ್ಲು! ಇಂಥದ್ದು ಯಾವ ದೇಶದಲ್ಲಿ ಸಿಕ್ಕೀತು? ಲೂವ್ರ್ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಬುಕ್ ಮಾಡಿದ ಎಷ್ಟು ಬೆಂಗಳೂರಿಗರು ಈ ನಾಯಿಯ ಹೆಸರು ಕೇಳಿದ್ದಾರೆ?

ಹಾಗಾದರೆ ಹೊರದೇಶದಲ್ಲಿ ಏನು ನೋಡಬೇಕು? ಇಲ್ಲಿ ಕೂತು ನೋಡಲಾಗದ್ದನ್ನು. ವಸ್ತುಗಳ ಒಳ್ಳೆಯ ಫೋಟೋ ಮ್ಯೂಸಿಯಂಗಳೇ ನೆಟ್‌ನಲ್ಲಿ ಹಾಕುತ್ತವೆ, ಗೀರು ಕೂಡ ಕಾಣುವ ಹಾಗೆ. ಊರು ಹಾಗೆ ಸಿಗುವುದಿಲ್ಲ. ಇಸ್ತಾಂಬುಲ್‌ನಲ್ಲಿ ಒಂದು ಕಾಲಕ್ಕೆ ಚರ್ಚಾಗಿದ್ದು ಈಗ ಮಸೀದಿಯಾಗಿರುವ ಹಾಗಿಯಾ ಸೋಫಿಯಾದಲ್ಲಿ ವಿದೇಶಿ ಪ್ರವಾಸಿಗರು 25 ಯೂರೋ ಕೊಟ್ಟು ಮೇಲಿನ ಮೊಗಸಾಲೆಯಿಂದ ಇಣುಕಬೇಕು. ಅದೇ ಊರಿನಲ್ಲಿ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿ ಇದೆ. ನಮಾಜಿನ ಹೊತ್ತು ಬಿಟ್ಟು ಯಾರು ಬೇಕಾದರೂ ಫ್ರೀಯಾಗಿ ಒಳಗೆ ಹೋಗಬಹುದು, ಕಾರ್ಪೆಟ್ ಮೇಲೆ ಸುಮ್ನೆ ಕೂತಿರಬಹುದು. ಹದಿನಾರನೇ ಶತಮಾನದ ಕಟ್ಟಡ, ಇವತ್ತಿಗೂ ಬಳಕೆಯಲ್ಲಿದೆ.

ನಾನಾದರೆ ಸಿಂಗಪುರದಲ್ಲಿ ಒಂದು ದಿನ ಇದ್ದರೆ ಅದನ್ನು ಹಾಕರ್ ಸೆಂಟರುಗಳಿಗೆ ಕೊಡುತ್ತೇನೆ. ಬೀದಿ ಬದಿ ಗಾಡಿಯವರಿಗೆ ಅಲ್ಲಿನ ಸರ್ಕಾರ ಎಪ್ಪತ್ತರ ದಶಕದಲ್ಲಿ ನಲ್ಲಿ ನೀರು, ಚರಂಡಿ ಇರುವ ಸೂರು ಕಟ್ಟಿಕೊಟ್ಟು ಒಳಗೆ ಕೂರಿಸಿತು. ನಮ್ಮ ವಿ.ವಿ.ಪುರಂ ತಿಂಡಿ ಬೀದಿಯ ಬಗ್ಗೆ ಪ್ರತಿ ಸಲ ಎದ್ದು ಮಲಗುವ ಚರ್ಚೆ ಅವರಲ್ಲಿ ಐವತ್ತು ವರ್ಷದ ಹಿಂದೆಯೇ ಮುಗಿದಿದೆ. 2020ರಲ್ಲಿ ಯುನೆಸ್ಕೋ ಆ ಹಾಕರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ಒಂದು ಕಡೆ ದೋಸೆ, ಒಂದು ಕಡೆ ಬಿರಿಯಾನಿ, ಇನ್ನೊಂದು ಕಡೆ ಚೀನೀ ನೂಡಲ್ಸ್. ಯಾವ ಜನ ಎಲ್ಲಿಂದ ಬಂದು ಅಲ್ಲಿ ಸೇರಿದರು ಅನ್ನುವುದನ್ನು ತಟ್ಟೆ ಹಿಡಿದುಕೊಂಡೇ ಓದಬಹುದು. ಕೂತುಕೊಳ್ಳಲು ಜಾಗವೂ ಇದೆ. ತಿಂದ ಟ್ರೇ ಮಾತ್ರ ನೀವೇ ವಾಪಸ್ ಇಡಬೇಕು, 2021ರಿಂದ ಅದಕ್ಕೂ ಕಾನೂನು ಬಿಗಿಯಾಗಿದೆ.