ಆಕ್ಷೇಪಣೆ ಇದ್ದವರು 30 ದಿನದೊಳಗೆ ತಿಳಿಸಿ

ಜಾಗದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಲು ಹೋದವನಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವ ಮೊದಲ ಉತ್ತರ ಎಲ್ಲರಿಗೂ ಗೊತ್ತು: ಸರ್ವರ್ ಡೌನ್. ಕಾರವಾರದಲ್ಲಿ ಸರ್ವರ್ ಡೌನ್ ಆದರೆ ಎರಡು ದಾರಿ. ಒಂದೋ ಟಾಗೋರ್ ಕಡಲತೀರಕ್ಕೆ ಹೋಗಿ ಗಾಳಿ ಕುಡಿಯಬೇಕು, ಇಲ್ಲಾ ಅಲ್ಲೇ ನಿಂತು ನೋಟೀಸ್ ಬೋರ್ಡ್ ಓದಬೇಕು. ಜೂನ್ ತಿಂಗಳು. ಹೊರಗೆ ಹಂಚು ಹಾರಿಹೋಗುವ ಹಾಗೆ ಮಳೆ. ನನಗೆ ಬೋರ್ಡೇ ಗತಿಯಾಯಿತು.

ಬೋರ್ಡಿನ ಮುಂದೆ ಆಗಲೇ ಒಬ್ಬರು ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದರು. ನಮ್ಮ ಕೇರಿಯ ನಿವೃತ್ತ ಮಾಸ್ತರು. ಮೂಲ ಶಿರಸಿ ಕಡೆಯವರು, ಘಟ್ಟ ಇಳಿದು ಬಂದು ಮೂವತ್ತು ವರ್ಷ ಆಯಿತು.

"ಎಂತ ಮಾಸ್ತರೇ, ನಿಮಗೂ ಇ.ಸಿ. ಬೇಕಾಗಿತ್ತಾ?"

"ಇಲ್ಲ ಮಾರಾಯ. ಈ ವಾರ ಯಾರ್ಯಾರು ಅಂತ ನೋಡಿಕೊಂಡು ಹೋಗುವ ಅಂತ ಬಂದೆ."

ಯಾರ್ಯಾರು ಅಂದರೆ, ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಲು ಅರ್ಜಿ ಹಾಕಿದವರು. 1954ರ ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ ಸಾಕು. ಜಾತಿ ಯಾವುದೇ ಇರಲಿ, ಧರ್ಮ ಯಾವುದೇ ಇರಲಿ, ಭಟ್ಟರೂ ಬೇಡ, ಪಾದ್ರಿಯೂ ಬೇಡ, ಕಾಜಿಯೂ ಬೇಡ. ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಿದರೆ ಗಂಡ ಹೆಂಡತಿ. ಎಷ್ಟು ಸ್ವಾತಂತ್ರ್ಯ ನೋಡಿ! ಸುಮ್ನೆ ಒಂದು ಸಣ್ಣ ಶರತ್ತು. ಸಹಿಗೆ ಮೊದಲು ಇಬ್ಬರ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಹಿಂದೆ ಮದುವೆಯಾಗಿತ್ತಾ ಇಲ್ಲವಾ, ಇಷ್ಟನ್ನೂ ಬರೆದು ಕಚೇರಿಯ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬೇಕು. ಆಮೇಲೆ 30 ದಿನ ಕಾಯಬೇಕು. ಆ 30 ದಿನದಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು.

ಈ 'ಯಾರು ಬೇಕಾದರೂ' ಅನ್ನುವುದನ್ನು ಸ್ವಲ್ಪ ಚಪ್ಪರಿಸಬೇಕು. ಹುಡುಗಿಯ ಅಪ್ಪನೇ ಆಗಿರಬೇಕಿಲ್ಲ. ಹುಡುಗನ ಮೊದಲ ಹೆಂಡತಿಯೇ ಬರಬೇಕಿಲ್ಲ. ಕೊಡೆ ಮರೆತು ಮಳೆಗೆ ಒಳಗೆ ಬಂದವನೂ ಸಾಕು. ನೋಟೀಸನ್ನು ಒಂದು ಪುಸ್ತಕದಲ್ಲೂ ಬರೆದಿಡುತ್ತಾರೆ. ಆ ಪುಸ್ತಕವನ್ನು ಯಾರು ಕೇಳಿದರೂ ಬಿಟ್ಟಿಯಾಗಿ ತೋರಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನನ್ನದೇ ಐದು ಗುಂಟೆ ಜಾಗದ ಕಾಗದಕ್ಕೆ ನಾನು ಶುಲ್ಕ ಕಟ್ಟಿ, ಸರ್ವರ್ ಏಳುವುದನ್ನು ಕಾಯುತ್ತಿದ್ದೆ. ಊರಿನ ಹುಡುಗಿಯ ಮನಸ್ಸಿನ ಸಮಾಚಾರ ಮಾತ್ರ ಪುಕ್ಕಟೆ. ಅದಕ್ಕೆ ಸರ್ವರೂ ಬೇಡ.

"ನಿಮ್ಮ ಆಕ್ಷೇಪಣೆ ಏನಾದರೂ ಉಂಟಾ?" ಅಂತ ಕೇಳಿದೆ.

"ಈ ಮೂರನೇ ನೋಟೀಸಿನ ಹುಡುಗಿ ಇದ್ದಾಳಲ್ಲ, ಅವಳ ಅಪ್ಪನ ಗುರ್ತ ಉಂಟು ನನಗೆ. ಪಾಪ, ಅವನಿಗೆ ಗೊತ್ತೇ ಇರಲಿಕ್ಕಿಲ್ಲ. ಗೊತ್ತು ಮಾಡಬೇಕು ಅಲ್ವಾ?"

ಕಾಯ್ದೆ ಒಪ್ಪುವ ಕಾರಣಗಳು ಬೇರೆ. ಮೊದಲಿನ ಗಂಡ ಅಥವಾ ಹೆಂಡತಿ ಬದುಕಿರುವುದು, ವಯಸ್ಸು ತುಂಬದಿರುವುದು, ಒಪ್ಪಿಗೆ ಕೊಡುವಷ್ಟು ಮನಸ್ಸು ಸ್ವಸ್ಥವಿಲ್ಲದಿರುವುದು, ನಿಷೇಧಿತ ರಕ್ತಸಂಬಂಧ. 'ಅಪ್ಪನಿಗೆ ಗೊತ್ತಿಲ್ಲ' ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಆದರೆ ಬೋರ್ಡಿನ ಮುಂದೆ ಹುಟ್ಟುವ ಆಕ್ಷೇಪಣೆ ಬಹುಪಾಲು ಅದೊಂದೇ. ಅದನ್ನು ಬರೆದು ಕೊಡುವ ಅಗತ್ಯವೂ ಇಲ್ಲ, ಒಂದು ಫೋನ್ ಸಾಕು. ಆಮೇಲೆ ಹುಡುಗಿಯನ್ನು ಯಾವ ಊರಿನ ಯಾವ ಚಿಕ್ಕಮ್ಮನ ಮನೆಗೆ ಸಾಗಿಸಿದರು ಅಂತ ಯಾವ ಬೋರ್ಡಿಗೂ ಯಾರೂ ಅಂಟಿಸುವುದಿಲ್ಲ.

ಇನ್ನು ದುರುದ್ದೇಶದಿಂದ ಸುಳ್ಳು ತಕರಾರು ಬರೆದು ಕೊಟ್ಟವರಿಗೆ ಶಿಕ್ಷೆ ಇಲ್ಲವೇ ಅಂದರೆ, ಉಂಟು. ಅಧಿಕಾರಿ ಅವರಿಂದ ಹೆಚ್ಚೆಂದರೆ 1000 ರೂಪಾಯಿ ಪರಿಹಾರ ಕೊಡಿಸಬಹುದು. 1954ರಲ್ಲಿ ಅದು ಎದೆ ಒಡೆಯುವ ಮೊತ್ತವೇ. ಈಗ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಕಾರವಾರ ಪೇಟೆಗೆ ಹೋಗಿ ಆ ದುಡ್ಡಿಗೆ ಒಂದು ದೊಡ್ಡ ಇಸ್ವಾಣ ಕೇಳಿ ನೋಡಿ. ಮೀನು ಮಾರುವ ಹೆಂಗಸು ನಿಮ್ಮ ಕಡೆ ಒಮ್ಮೆ ನೋಡಿ, ಬುಟ್ಟಿಗೆ ಮುಚ್ಚಳ ಹಾಕುತ್ತಾಳೆ. ಒಬ್ಬರ ಮದುವೆ ಮುರಿಯುವುದು ಮೀನಿಗಿಂತ ಅಗ್ಗ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ 30ರ ಲೆಕ್ಕ. 1872ರಲ್ಲಿ ಬ್ರಿಟಿಷರು ಇಂಥದ್ದೇ ಒಂದು ಕಾಯ್ದೆ ತಂದಿದ್ದರು. ಅದರಲ್ಲೂ ನೋಟೀಸು ಇತ್ತು, ಆದರೆ 14 ದಿನ. ಪರಕೀಯರು ನಮ್ಮನ್ನು 14 ದಿನ ಅನುಮಾನಿಸಿದರು. ಸ್ವತಂತ್ರರಾದ ಮೇಲೆ ನಾವೇ ನಮ್ಮನ್ನು 30 ದಿನ ಅನುಮಾನಿಸಿಕೊಳ್ಳುವಷ್ಟು ಬೆಳೆದೆವು. ಪಕ್ಕದ ಅಂಕೋಲೆಯವರು 1930ರ ಏಪ್ರಿಲ್‌ನಲ್ಲಿ ಕಾನೂನು ಮುರಿದು ಉಪ್ಪು ಮಾಡಿದರಲ್ಲ, 'ಆಕ್ಷೇಪಣೆ ಇದ್ದವರು ತಿಳಿಸಿ' ಅಂತ ಮೊದಲು ಬೋರ್ಡ್ ಹಾಕಿ ತಿಂಗಳು ಕಾದಿದ್ದರೆ ಏನಾಗುತ್ತಿತ್ತು? ಮುಂಗಾರು ಬಾಗಿಲಿಗೆ ಬಂದಿರುತ್ತಿತ್ತು, ಉಪ್ಪು ನೀರಾಗುತ್ತಿತ್ತು.

ಮಾಸ್ತರಿಗೆ ಇದನ್ನು ಹೇಳಿದೆ. ಅವರು ಬಿಡುವವರಲ್ಲ.

"ಹಾಗಲ್ಲ ಮಾರಾಯ. ಮೊದಲೇ ಮದುವೆಯಾದವನು ಬಂದು ಮೋಸ ಮಾಡಿದರೆ? ಸರ್ಕಾರ ನೋಡುವುದು ಬೇಡವಾ?"

ಒಳ್ಳೆಯ ಪ್ರಶ್ನೆ. ನೋಡಲಿ, ದಾಖಲೆ ಕೇಳಲಿ, ಪ್ರಮಾಣಪತ್ರ ಬರೆಸಿಕೊಳ್ಳಲಿ. ಆದರೆ ಕಲ್ಯಾಣ ಮಂಟಪದಲ್ಲಿ ಪಂಚವಾದ್ಯ ಊದಿಸಿ ಆಗುವ ಮದುವೆಯಲ್ಲಿ ಮೋಸ ಆಗುವುದಿಲ್ಲವಾ? ಹಿಂದೂ ವಿವಾಹ ಕಾಯ್ದೆಯ ಮದುವೆಗೆ ಈ ಥರ ಬೋರ್ಡೂ ಇಲ್ಲ, 30 ದಿನವೂ ಇಲ್ಲ. ಸಂಜೆ ನಿಶ್ಚಯ ಮಾಡಿ ಬೆಳಿಗ್ಗೆ ತಾಳಿ ಕಟ್ಟಿದರೂ ಸರ್ಕಾರ ತುಟಿ ಎರಡು ಮಾಡುವುದಿಲ್ಲ. ಅಂದರೆ ಅಪ್ಪ ಹುಡುಕಿದ ಹುಡುಗನಲ್ಲಿ ಮೋಸ ಇರುವುದಿಲ್ಲ, ಮಗಳು ಹುಡುಕಿದವನಲ್ಲಿ ಇದ್ದೇ ಇರುತ್ತದೆ ಅಂತ ಸರ್ಕಾರದ ಲೆಕ್ಕ.

"ಅದು ಬೇರೆ, ಇದು ಬೇರೆ" ಅಂದರು ಮಾಸ್ತರು. ಗಣಿತದ ಮಾಸ್ತರು ಅವರು.

ಕಾಳಜಿಯಲ್ಲಿ ನಮ್ಮ ಸರ್ಕಾರವನ್ನು ಮೀರಿಸುವವರಿಲ್ಲ ಬಿಡಿ. ಗೋವಾದಿಂದ ಬರುವವರನ್ನು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಚೀಲ ತಡಕುವುದನ್ನು ನೋಡಿ. ಮದ್ಯಪಾನ ನಿಷೇಧಕ್ಕೆ ಪ್ರಯತ್ನ ಮಾಡಬೇಕು ಅಂತ ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಬುದ್ಧಿ ಹೇಳಿದೆ. ಅದಕ್ಕೇ ಗೋವಾದ ಬಾಟಲಿ ತಂದರೆ ಕೇಸು. ಕಾರವಾರದಲ್ಲೇ ಕೊಂಡರೆ? ಅದು ಖಜಾನೆಗೆ ನಮ್ಮ ಅಳಿಲು ಸೇವೆ. ನೈತಿಕತೆಗೂ ಒಂದು ಗಡಿ ಇರುತ್ತದೆ ಅನ್ನುತ್ತಾರಲ್ಲ, ಅದು ಮಾಜಾಳಿಯಲ್ಲಿದೆ.

ಅದೇ ಹೆದ್ದಾರಿಯಲ್ಲಿ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ದಿನಾ ಆ ಸೇತುವೆ ದಾಟುತ್ತಿದ್ದ ನಮಗೆ ಯಾವ ನೋಟೀಸೂ ಸಿಕ್ಕಿರಲಿಲ್ಲ. ಕಬ್ಬಿಣಕ್ಕೂ ಕಾಂಕ್ರೀಟಿಗೂ ಇದ್ದ ಸಂಬಂಧ ಎಷ್ಟು ಗಟ್ಟಿ ಅಂತ 30 ದಿನ ವಿಚಾರಿಸಿದ್ದರೆ ಚೆನ್ನಾಗಿತ್ತು. ಪುರುಸೊತ್ತು ಇರಲಿಲ್ಲವೇನೋ. ವಿಚಾರಣೆಯೆಲ್ಲ ಮೂರನೇ ನೋಟೀಸಿನ ಹುಡುಗಿಗೇ ಖರ್ಚಾಗಿರಬೇಕು.

ನ್ಯಾಯಾಲಯ ಸುಮ್ಮನೆ ಕೂತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು, ಖಾಸಗಿತನ ಮೂಲಭೂತ ಹಕ್ಕು ಅಂದರು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಬಯಸಿದರೆ ಮಾತ್ರ ನೋಟೀಸು ಪ್ರಕಟಿಸಿ ಅಂತ ಹೇಳಿತು. ಆ ತೀರ್ಪು ಉತ್ತರ ಪ್ರದೇಶದ್ದು. ಅಲ್ಲಿಂದ ಹೊರಟು ಘಟ್ಟ ಇಳಿದು ನಮ್ಮ ಬೋರ್ಡಿಗೆ ಇನ್ನೂ ತಲುಪಿಲ್ಲ. ರಸ್ತೆ ಹಾಗಿದೆ.

ಅಷ್ಟರಲ್ಲಿ ಗಾಳಿ ಜೋರಾಯಿತು. ಬೋರ್ಡಿನ ಗಾಜು ಒಡೆದು ಯಾವ ಕಾಲವಾಯಿತೋ, ಮೇಲಿನ ಮಾಡೂ ಸೋರುತ್ತಿತ್ತು. ನೋಡ ನೋಡುತ್ತಿದ್ದಂತೆ ಮೂರನೇ ನೋಟೀಸಿನ ಮೇಲೆ ನೀರು ಇಳಿಯಿತು. ಮೊದಲು ಹುಡುಗನ ಉದ್ಯೋಗ ಹೋಯಿತು. ಆಮೇಲೆ ಇಬ್ಬರ ವಿಳಾಸ. ಹೆಸರುಗಳ ಶಾಯಿ ಇಳಿದು ಒಂದಕ್ಕೊಂದು ಸೇರಿ ನೀಲಿ ಕಲೆಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಸರ್ಕಾರದ ಸೋರುವ ಮಾಡಿನ ಮೇಲೆ ನನಗೆ ಪ್ರೀತಿ ಬಂತು.

"ಛೆ, ಎಲ್ಲ ಅಳಿಸಿಹೋಯ್ತಲ್ಲ ಮಾಸ್ತರೇ" ಅಂದೆ, ಆದಷ್ಟು ಬೇಜಾರಿನ ಮುಖ ಮಾಡಿ.

ಮಾಸ್ತರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಜೇಬಿನಿಂದ ಮೊಬೈಲ್ ತೆಗೆದರು.

"ತೊಂದ್ರೆ ಇಲ್ಲ ಮಾರಾಯ. ಸೋಮವಾರವೇ ಫೋಟೋ ಹೊಡೆದಿಟ್ಟಿದ್ದೆ."